ಮತದಾರನ ಹೆಸರು ಮತ್ತು ಕೇಂದ್ರದ ಹೊಣೆ: ಮಾರತ್ತಹಳ್ಳಿಯ ನಿದರ್ಶನ

ಮತದಾನದ ಹಕ್ಕನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಮತಗಟ್ಟೆಯ ಬಾಗಿಲಿನಿಂದ ಮೊದಲಾಗುತ್ತವೆ. ಆದರೆ ಆ ಹಕ್ಕು ಉಳಿಯುವುದೂ ಅಳಿಯುವುದೂ ಅದಕ್ಕೆ ಬಹಳ ಮುಂಚೆ, ಮತದಾರರ ಪಟ್ಟಿ ಸಿದ್ಧವಾಗುವ ಹಂತದಲ್ಲಿ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 62ನೆಯ ಪ್ರಕರಣವು ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಮತವಿಲ್ಲವೆಂದು ಸ್ಪಷ್ಟವಾಗಿ ವಿಧಿಸಿದೆ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಕಳೆದ ಮೇಲೆ ಪಟ್ಟಿಗೆ ಹೆಸರು ಸೇರಿಸುವುದಕ್ಕಾಗಲಿ ತೆಗೆಯುವುದಕ್ಕಾಗಲಿ ಅವಕಾಶವಿಲ್ಲ. ಅಂದು ಬಿಟ್ಟುಹೋದ ಹೆಸರು ಆ ಚುನಾವಣೆಯ ಮಟ್ಟಿಗೆ ಬಿಟ್ಟುಹೋದಂತೆಯೇ. ಹೀಗಿರಲಾಗಿ ಈ ಪಟ್ಟಿಯ ಕಾವಲು ಯಾರದು, ಅವರಿಗೆ ಆ ಅಧಿಕಾರ ರಾಜ್ಯಾಂಗದ ಯಾವ ನೆಲೆಯಿಂದ ಬಂದಿತು, ಅದು ಎಲ್ಲಿಯವರೆಗೆ ಚಾಚುತ್ತದೆ ಎಂಬ ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ತತ್ತ್ವವನ್ನು ಬರಿದಾಗಿ ಹೇಳುವುದಕ್ಕಿಂತ ಒಂದು ಊರನ್ನು ಕಣ್ಣ ಮುಂದಿಟ್ಟುಕೊಂಡು ಹೇಳುವುದು ಮೇಲೆಂದು ತೋರಿದುದರಿಂದ ಬೆಂಗಳೂರಿನ ಪೂರ್ವಭಾಗದ ಮಾರತ್ತಹಳ್ಳಿಯನ್ನು ಆರಿಸಿಕೊಂಡಿದ್ದೇವೆ.

ಈ ಆಯ್ಕೆಗೆ ಕಾರಣವುಂಟು. ಮಾರತ್ತಹಳ್ಳಿಯು ಮೈಸೂರು ಸಂಸ್ಥಾನಕ್ಕೆ ಸೇರಿದ ಒಂದು ಗ್ರಾಮವಾಗಿದ್ದಿತು. ಅಲ್ಲಿಂದ ಕೆಲವೇ ಮೈಲಿ ದೂರದ ಹಲಸೂರು ಮತ್ತು ಇಂದಿನ ಶಿವಾಜಿನಗರಗಳು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿಗೆ, ಎಂದರೆ ದಂಡಿಗೆ, ಸೇರಿ 1947ರವರೆಗೆ ಬ್ರಿಟಿಷರ ನೇರ ಆಡಳಿತದಲ್ಲಿದ್ದುವು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಏರ್ಪಟ್ಟಿತಾದರೂ ಅದಕ್ಕೆ ಸಂಬಂಧಿಸಿದ ಮತಾಧಿಕಾರವು ಆಸ್ತಿ, ಕಂದಾಯ, ವಿದ್ಯೆಗಳ ಅಳತೆಯನ್ನು ಮೀರಲಿಲ್ಲ. ಹಳ್ಳಿಯ ಕೂಲಿಯವನೂ ದಂಡಿನ ಕೂಲಿಯವನೂ ಬೇರೆ ಬೇರೆ ಆಳ್ವಿಕೆಗಳಲ್ಲಿದ್ದರೂ ಮತವಿಲ್ಲದಿರುವುದರಲ್ಲಿ ಮಾತ್ರ ಸಮಾನರಾಗಿದ್ದರು. 1950ರ ರಾಜ್ಯಾಂಗವು ಇವರಿಬ್ಬರನ್ನೂ ಒಂದೇ ಬಗೆಯ ಪಟ್ಟಿಯಲ್ಲಿ ತಂದು ನಿಲ್ಲಿಸಿತು. ಅನಂತರ ಊರು ಬೆಳೆಯಿತು. ಮಾರತ್ತಹಳ್ಳಿಯನ್ನೊಳಗೊಂಡ ಮಹದೇವಪುರ ಪ್ರದೇಶವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಸೇರಿಹೋಯಿತು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಮಹದೇವಪುರವೇ ಒಂದು ವಿಧಾನಸಭಾ ಕ್ಷೇತ್ರವಾಯಿತು. ಕಟ್ಟಡ ಕೆಲಸದವರು, ಕಂಪ್ಯೂಟರ್ ಉದ್ಯಮದ ನೌಕರರು, ಬಾಡಿಗೆ ಮನೆಗಳಲ್ಲಿ ಎರಡು ಮೂರು ವರ್ಷವಿದ್ದು ಹೋಗುವವರು, ಹಲವು ಭಾಷೆಯವರು, ಇವರೊಡನೆ ತಲೆಮಾರುಗಳಿಂದ ಅಲ್ಲಿಯೇ ಇರುವ ಒಕ್ಕಲು ಮನೆತನದವರು, ಇಷ್ಟು ಮಂದಿ ಒಂದೇ ಪಟ್ಟಿಯಲ್ಲಿ ನಿಲ್ಲಬೇಕಾಗಿದೆ. ಪಟ್ಟಿಯನ್ನು ಶುದ್ಧವಾಗಿಡುವ ಕಷ್ಟ ಎಷ್ಟೆಂಬುದು ಇಂಥ ಊರಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣದು.

ಇನ್ನು ರಾಜ್ಯಾಂಗದ ಕಡೆಗೆ ತಿರುಗೋಣ. ಚುನಾವಣೆಗಳನ್ನು ಕುರಿತ ಹದಿನೈದನೆಯ ಭಾಗದಲ್ಲಿ 324ರಿಂದ 329ರವರೆಗಿನ ಅನುಚ್ಛೇದಗಳಿವೆ. ಇವುಗಳಲ್ಲಿ 326ನೆಯದು ವಯಸ್ಕ ಮತದಾನವನ್ನು ಸ್ಥಾಪಿಸುತ್ತದೆ. ವಯಸ್ಸಿನ ಮಿತಿ ಮೊದಲು 21 ಆಗಿದ್ದಿತು. 61ನೆಯ ತಿದ್ದುಪಡಿಯ ಫಲವಾಗಿ 1989ರಿಂದ 18 ಆಗಿದೆ. 325ನೆಯದು ಒಂದು ಕ್ಷೇತ್ರಕ್ಕೆ ಒಂದೇ ಸಾಮಾನ್ಯ ಪಟ್ಟಿ ಇರಬೇಕೆಂದೂ, ಕೇವಲ ಮತ, ಜನಾಂಗ, ಜಾತಿ, ಲಿಂಗಗಳ ಕಾರಣದಿಂದ ಯಾರನ್ನೂ ಅದರಿಂದ ಹೊರಗಿಡಕೂಡದೆಂದೂ ಹೇಳುತ್ತದೆ. ಸಂಸತ್ತಿನ ಮತ್ತು ರಾಜ್ಯ ವಿಧಾನಮಂಡಲಗಳ ಚುನಾವಣೆಗಳ ಬಗೆಗೆ, ಪಟ್ಟಿಯ ತಯಾರಿಕೆಯೂ ಸೇರಿದಂತೆ, ಶಾಸನ ಮಾಡುವ ಅಧಿಕಾರ 327ರ ಮೇರೆಗೆ ಸಂಸತ್ತಿಗಿದೆ. ಸಂಸತ್ತು ಬಿಟ್ಟ ಎಡೆಯಲ್ಲಿ ಮಾತ್ರ ರಾಜ್ಯದ ವಿಧಾನಮಂಡಲವು 328ರಂತೆ ಶಾಸನ ಮಾಡಬಹುದು. 1950 ಮತ್ತು 1951ರ ಎರಡು ಪ್ರಜಾಪ್ರಾತಿನಿಧ್ಯ ಕಾಯಿದೆಗಳು ಆ ಎಡೆಯನ್ನು ಬಹುಮಟ್ಟಿಗೆ ತುಂಬಿಬಿಟ್ಟಿವೆ. ಇವೆಲ್ಲಕ್ಕೂ ಮುಂದೆ ನಿಂತಿರುವುದು 324ನೆಯ ಅನುಚ್ಛೇದ: ಪಟ್ಟಿಯ ತಯಾರಿಕೆ ಹಾಗೂ ಚುನಾವಣೆಗಳ ನಿರ್ವಹಣೆಯ ಮೇಲ್ವಿಚಾರಣೆ, ನಿರ್ದೇಶನ, ನಿಯಂತ್ರಣಗಳು ಚುನಾವಣಾ ಆಯೋಗಕ್ಕೆ ಸೇರಿದುವು. ಈ ಆಯೋಗವು ಇಡೀ ಒಕ್ಕೂಟಕ್ಕೆ ಒಂದೇ ಆಗಿದ್ದರೂ ಕೇಂದ್ರ ಸರ್ಕಾರದ ಇಲಾಖೆಯಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನದಲ್ಲಿಡಬೇಕು. ಈ ಲೇಖನದಲ್ಲಿ ಕೇಂದ್ರದ ಹೊಣೆಯೆಂದಾಗಲೆಲ್ಲ ನಾವು ಹೇಳುತ್ತಿರುವುದು ಒಕ್ಕೂಟದ ಮಟ್ಟದಲ್ಲಿ ರಾಜ್ಯಾಂಗವೇ ನೆಲೆಗೊಳಿಸಿದ ಹೊಣೆಯನ್ನು.

ಈ ಏರ್ಪಾಡು ಮೊದಲೇ ಹೀಗಿರಲಿಲ್ಲ. ಕರಡು ರಾಜ್ಯಾಂಗದ 289ನೆಯ ಅನುಚ್ಛೇದದಲ್ಲಿ ಕೇಂದ್ರದ ಚುನಾವಣೆಗಳಿಗೆ ಒಂದು ಆಯೋಗವೂ ಪ್ರತಿಯೊಂದು ರಾಜ್ಯಕ್ಕೆ ರಾಜ್ಯಪಾಲರು ನೇಮಿಸತಕ್ಕ ಬೇರೆ ಆಯೋಗವೂ ಇರಬೇಕೆಂದಿತ್ತು. 1949ರ ಜೂನ್ 15ರಂದು ಡಾಕ್ಟರ್ ಅಂಬೇಡ್ಕರ್ ಅವರು ಇದನ್ನು ತೆಗೆದುಹಾಕಿ ಎಲ್ಲವನ್ನೂ ಒಂದೇ ಆಯೋಗದ ಕೈಗೆ ಕೊಡುವ ತಿದ್ದುಪಡಿಯನ್ನು ಸಂವಿಧಾನ ಸಭೆಯ ಮುಂದಿಟ್ಟರು. ಅವರು ಕೊಟ್ಟ ಕಾರಣವು ಇಂದಿನ ವಾಚಕರಿಗೂ ವಿಚಾರಾರ್ಹವಾಗಿದೆ. ಕೆಲವು ಪ್ರಾಂತಗಳಲ್ಲಿ ಅಲ್ಲಿಯ ಮೂಲ ನಿವಾಸಿಗಳಲ್ಲದೆ ಜನಾಂಗದಲ್ಲಿ, ಭಾಷೆಯಲ್ಲಿ, ಸಂಸ್ಕೃತಿಯಲ್ಲಿ ಭಿನ್ನರಾದವರೂ ನೆಲಸಿದ್ದಾರೆ. ಅಂಥವರನ್ನು ಪಟ್ಟಿಯಿಂದ ಹೊರಗುಳಿಸುವಂತೆ ಪ್ರಾಂತದ ಸರ್ಕಾರಗಳೇ ನಡೆದುಕೊಳ್ಳುತ್ತಿರುವುದು ಕರಡು ಸಮಿತಿಯ ಮತ್ತು ಕೇಂದ್ರದ ಗಮನಕ್ಕೆ ಬಂದಿದೆ. ಇದನ್ನು ತಡೆಯಲು ಪಟ್ಟಿಯನ್ನು ಪ್ರಾಂತದ ಕೈಯಿಂದ ತೆಗೆಯಬೇಕು ಎಂಬುದು ಅವರ ವಾದದ ತಾತ್ಪರ್ಯ. ಇದು ಊಹೆಯ ಮಾತಾಗಿರಲಿಲ್ಲ. 1947ರ ಕೊನೆಯಿಂದಲೇ ಸಂವಿಧಾನ ಸಭೆಯ ಕಾರ್ಯಾಲಯವು ವಯಸ್ಕರ ಪಟ್ಟಿಯ ಸಿದ್ಧತೆಯಲ್ಲಿ ತೊಡಗಿದ್ದಿತು. ದೇಶವಿಭಜನೆಯಿಂದ ಬಂದ ನಿರಾಶ್ರಿತರ ನೋಂದಣಿಯ ವಿಷಯದಲ್ಲಿ ಅಲ್ಲಿಗೆ ಬಂದ ದೂರುಗಳನ್ನು ಇತಿಹಾಸಕಾರ್ತಿ ಒರ್ನಿತ್ ಶಾನಿ ಅವರು 2018ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಪರಿಶೀಲಿಸಿದ್ದಾರೆ. ತಿದ್ದುಪಡಿಯು ಪ್ರಾಂತಗಳ ಮೇಲಿನ ಅವಿಶ್ವಾಸವನ್ನು ಸಾರಿದಂತಾಗುತ್ತದೆಂದು ಆಕ್ಷೇಪಿಸಿದ ಸದಸ್ಯರೂ ಇದ್ದರು. ಅವರ ಆಕ್ಷೇಪವು ತಿರುಳಿಲ್ಲದುದೆಂದು ನಾವು ಹೇಳಲಾರೆವು. ಅವಿಶ್ವಾಸ ಇದ್ದೇ ಇದ್ದಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅಂಬೇಡ್ಕರರು ಎತ್ತಿದ ದೂರಿನಲ್ಲಿ ಭಾಷೆಯ ಭೇದವೂ ಸೇರಿದ್ದಿತು; ಆದರೆ 325ನೆಯ ಅನುಚ್ಛೇದವು ಹೆಸರಿಸುವ ಕಾರಣಗಳಲ್ಲಿ ಭಾಷೆಯಿಲ್ಲ. ಹಾಗಾದರೆ ಮಾರತ್ತಹಳ್ಳಿಯ ತೆಲುಗನಿಗಾಗಲಿ, ಹಲಸೂರಿನ ತಮಿಳನಿಗಾಗಲಿ, ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಕನ್ನಡಿಗನಿಗಾಗಲಿ ರಕ್ಷಣೆ ಎಲ್ಲಿಂದ? ನಮ್ಮ ಅಭಿಪ್ರಾಯದಲ್ಲಿ ಅದು 326ರಿಂದ ಬರುತ್ತದೆ. ಆ ಅನುಚ್ಛೇದವು ಅನರ್ಹತೆಯ ಕಾರಣಗಳನ್ನು ಎಣಿಸಿ ಮುಗಿಸಿದೆ: ಅನಿವಾಸ, ಬುದ್ಧಿಭ್ರಮಣೆ, ಅಪರಾಧ, ಭ್ರಷ್ಟ ಅಥವಾ ಕಾನೂನುಬಾಹಿರ ಆಚರಣೆ. ಈ ಕಾರಣಗಳ ಮೇಲೆ ಶಾಸನವು ಅನರ್ಹಗೊಳಿಸದ ಪ್ರತಿಯೊಬ್ಬ ವಯಸ್ಕ ಪ್ರಜೆಯೂ ನೋಂದಣಿಗೆ ಹಕ್ಕುಳ್ಳವನು. ಭಾಷೆಯನ್ನು ಹೆಸರಿಸಿ ನಿಷೇಧಿಸುವ ಅಗತ್ಯವೇ ಇಲ್ಲದಂತೆ ಬಾಗಿಲನ್ನು ಹಾಗೆ ಕಟ್ಟಲಾಗಿದೆ. ಆದುದರಿಂದ ಕರ್ನಾಟಕದಲ್ಲಿ ಮತದಾರನಾಗಲು ಕನ್ನಡ ಬರಬೇಕೆಂದು ವಿಧಿಸುವ ಅಧಿಕಾರ ಕರ್ನಾಟಕಕ್ಕಿಲ್ಲ. ಮಲಯಾಳ ಬರಬೇಕೆಂದು ವಿಧಿಸುವ ಅಧಿಕಾರ ಕೇರಳಕ್ಕೂ ಇಲ್ಲ. ಪಟ್ಟಿಯನ್ನು ಯಾವ ಭಾಷೆ ಅಥವಾ ಭಾಷೆಗಳಲ್ಲಿ ಸಿದ್ಧಪಡಿಸಬೇಕೆಂಬುದನ್ನು ಸಹ 1960ರ ಮತದಾರರ ನೋಂದಣಿ ನಿಯಮಗಳು ಆಯೋಗದ ನಿರ್ದೇಶನಕ್ಕೇ ಬಿಟ್ಟಿವೆ.

ಅಮೆರಿಕ ಸಂಯುಕ್ತ ಸಂಸ್ಥಾನಗಳ ಪದ್ಧತಿಯೊಡನೆ ಹೋಲಿಸಿದರೆ ನಮ್ಮ ಏರ್ಪಾಡಿನ ವೈಶಿಷ್ಟ್ಯ ಎದ್ದು ಕಾಣುತ್ತದೆ. ಅಲ್ಲಿ ಮತದಾರನ ಅರ್ಹತೆಯನ್ನು ನಿರ್ಣಯಿಸುವುದೂ ಪಟ್ಟಿಯನ್ನು ಇಡುವುದೂ ಮೂಲತಃ ರಾಜ್ಯಗಳ ಕೆಲಸ. 1870ರ ಹದಿನೈದನೆಯ ತಿದ್ದುಪಡಿಯು ವರ್ಣದ ಕಾರಣದಿಂದ ಮತವನ್ನು ನಿರಾಕರಿಸಕೂಡದೆಂದು ಹೇಳಿ, ಅದನ್ನು ಜಾರಿಗೊಳಿಸುವ ಅಧಿಕಾರವನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ಆದರೂ ದಕ್ಷಿಣದ ರಾಜ್ಯಗಳು ಅಕ್ಷರ ಪರೀಕ್ಷೆ, ತಲೆಗಂದಾಯ ಮುಂತಾದ ಉಪಾಯಗಳಿಂದ ನೀಗ್ರೋ ಪ್ರಜೆಗಳೆಂದು ಅಂದು ಕರೆಯಲಾಗುತ್ತಿದ್ದ ಕಪ್ಪು ಜನರನ್ನು ಹೊರಗೇ ಇಟ್ಟುವು. 1965ರ ಮತಾಧಿಕಾರ ಕಾಯಿದೆಯು ಅಂಥ ರಾಜ್ಯಗಳು ತಮ್ಮ ಚುನಾವಣಾ ನಿಯಮಗಳನ್ನು ಬದಲಿಸುವ ಮೊದಲು ಕೇಂದ್ರದ ಒಪ್ಪಿಗೆಯನ್ನು ಪಡೆಯಬೇಕೆಂದು ವಿಧಿಸಿತು. ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1966ರಲ್ಲಿ ದಕ್ಷಿಣ ಕ್ಯಾರೊಲೈನದ ಮೊಕದ್ದಮೆಯಲ್ಲಿ ಇದನ್ನು ಎತ್ತಿಹಿಡಿಯಿತು. 2013ರಲ್ಲಿ ಶೆಲ್ಬಿ ಕೌಂಟಿ ಮೊಕದ್ದಮೆಯಲ್ಲಿ, ಯಾವ ರಾಜ್ಯಗಳಿಗೆ ಇದು ಅನ್ವಯಿಸಬೇಕೆಂಬ ಸೂತ್ರವನ್ನು ರದ್ದುಮಾಡಿದುದರಿಂದ ಪೂರ್ವಾನುಮತಿಯ ವ್ಯವಸ್ಥೆ ನಿಂತುಹೋಯಿತು. ಅಲ್ಲಿ ಕೇಂದ್ರದ ಅಧಿಕಾರವು ರಾಜ್ಯ ತಪ್ಪಿದಾಗ ಹೊರಗಿನಿಂದ ಬರುವ ಚಿಕಿತ್ಸೆ. ಇಲ್ಲಿ ಅದು ಪಟ್ಟಿಯ ಮೊದಲ ಅಕ್ಷರದಿಂದಲೇ ಒಳಗಿದೆ. ಆದರೆ ಒಳಗಿರುವ ಅಧಿಕಾರಕ್ಕೂ ಬರೆಯಲು ಕೈ ಬೇಕಷ್ಟೆ. ಆ ಕೈ ಯಾರದೆಂಬಲ್ಲಿ ನಮ್ಮ ವ್ಯವಸ್ಥೆಯ ತೊಡಕು ಇದೆ.

ಆಯೋಗಕ್ಕೆ ಕ್ಷೇತ್ರಮಟ್ಟದಲ್ಲಿ ತನ್ನದೆಂಬ ಸಿಬ್ಬಂದಿಯಿಲ್ಲ. 324ನೆಯ ಅನುಚ್ಛೇದದ ಆರನೆಯ ಖಂಡದಂತೆ ಆಯೋಗವು ಕೇಳಿದಾಗ ರಾಷ್ಟ್ರಪತಿಗಳು ಅಥವಾ ರಾಜ್ಯಪಾಲರು ನೌಕರರನ್ನು ಒದಗಿಸಿಕೊಡಬೇಕು. ಮಾರತ್ತಹಳ್ಳಿಯ ಬೀದಿಗಳಲ್ಲಿ ಪಟ್ಟಿ ಹಿಡಿದು ಮನೆ ಮನೆಗೆ ಹೋಗುವವರು ಶಾಲಾ ಉಪಾಧ್ಯಾಯರು, ಅಂಗನವಾಡಿ ಕಾರ್ಯಕರ್ತೆಯರು, ಪಾಲಿಕೆಯ ನೌಕರರು. ಅವರ ಮೇಲಿನ ನೋಂದಣಾಧಿಕಾರಿಯೂ ರಾಜ್ಯದ ಅಥವಾ ಪಾಲಿಕೆಯ ಅಧಿಕಾರಿಯೇ. ಇವರ ಸಂಬಳ, ಬಡ್ತಿ, ವರ್ಗಾವಣೆಗಳೆಲ್ಲ ರಾಜ್ಯದ ಕೈಯಲ್ಲಿ. ಈ ಬಿರುಕನ್ನು ಮುಚ್ಚುವ ಸಲುವಾಗಿ 1989ರಲ್ಲಿ 1950ರ ಕಾಯಿದೆಗೆ 13ಸಿಸಿ ಎಂಬ ಪ್ರಕರಣವನ್ನು ಸೇರಿಸಲಾಯಿತು. ಪಟ್ಟಿಯ ಕೆಲಸದಲ್ಲಿ ತೊಡಗಿರುವಷ್ಟು ಕಾಲ ಈ ಅಧಿಕಾರಿಗಳು ಆಯೋಗಕ್ಕೆ ನಿಯೋಜಿತರಾದವರೆಂದೇ ಭಾವಿಸತಕ್ಕದ್ದು, ಅದರ ನಿಯಂತ್ರಣ ಮತ್ತು ಶಿಸ್ತಿಗೆ ಒಳಪಟ್ಟವರು ಎಂಬುದು ಅದರ ಸಾರಾಂಶ. ಅದೇ ಕಾಯಿದೆಯ 32ನೆಯ ಪ್ರಕರಣದಲ್ಲಿ, ಸಕಾರಣವಿಲ್ಲದೆ ಕರ್ತವ್ಯಲೋಪ ಮಾಡಿದ ಅಧಿಕಾರಿಗೆ ಮೂರು ತಿಂಗಳಿಗೆ ಕಡಮೆಯಿಲ್ಲದ, ಎರಡು ವರ್ಷದವರೆಗಿನ ಸೆರೆವಾಸ ಮತ್ತು ಜುಲ್ಮಾನೆಯನ್ನು ಹೇಳಿದೆ.

ಈ ಉಪಬಂಧಗಳು ಬರಿಯ ಕಾಗದದ ಮೇಲಿನವಲ್ಲವೆಂಬುದು 2022ರ ನವೆಂಬರಿನಲ್ಲಿ ತಿಳಿದುಬಂದಿತು. ಮತದಾರರಲ್ಲಿ ಜಾಗೃತಿ ಮೂಡಿಸಲು ಪಾಲಿಕೆಯಿಂದ ಅನುಮತಿ ಪಡೆದಿದ್ದ ಒಂದು ಖಾಸಗಿ ಸಂಸ್ಥೆಯ ಕಡೆಯವರು ಮತಗಟ್ಟೆ ಅಧಿಕಾರಿಗಳಂತೆ ಮನೆಗಳಿಗೆ ಹೋಗಿ ಜನರ ವಿವರಗಳನ್ನು ಸಂಗ್ರಹಿಸಿದರೆಂಬ ಆರೋಪ ಬೆಂಗಳೂರಿನಲ್ಲಿ ಎದ್ದಿತು. ನವೆಂಬರ್ 25ರಂದು ಆಯೋಗವು ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಈ ಮೂರು ಕ್ಷೇತ್ರಗಳಲ್ಲಿ ಆ ವರ್ಷದ ಜನವರಿ 1ರ ಅನಂತರ ಪಟ್ಟಿಗೆ ಸೇರಿಸಿದ ಮತ್ತು ಪಟ್ಟಿಯಿಂದ ತೆಗೆದ ಹೆಸರುಗಳನ್ನೆಲ್ಲ, ಒಂದನ್ನೂ ಬಿಡದೆ, ಮತ್ತೆ ಪರಿಶೀಲಿಸಬೇಕೆಂದು ಆಜ್ಞೆಮಾಡಿತು. ಹಕ್ಕು ಮತ್ತು ಆಕ್ಷೇಪಣೆಗಳ ಅವಧಿಯನ್ನು ಡಿಸೆಂಬರ್ 24ರವರೆಗೆ ವಿಸ್ತರಿಸಿತು. ಚುನಾವಣಾ ಹೊಣೆಯಿದ್ದ ಇಬ್ಬರು ಹಿರಿಯ ಅಧಿಕಾರಿಗಳ ಅಮಾನತಿಗೆ ನಿರ್ದೇಶಿಸಿ, ಪಾಲಿಕೆಯ ಹೊರಗಿನ ಅಧಿಕಾರಿಗಳನ್ನು ಮೇಲ್ವಿಚಾರಣೆಗೆ ತಂದಿತು. ರಾಜ್ಯದ ರಾಜಧಾನಿಯಲ್ಲಿ, ರಾಜ್ಯದ ಅಧಿಕಾರಿಗಳ ಮೇಲೆ ದೆಹಲಿಯ ಸಂಸ್ಥೆಯೊಂದು ಇಂಥ ಆಜ್ಞೆಯನ್ನು ಹೊರಡಿಸಬಲ್ಲುದು. ರಾಜ್ಯ ಅದನ್ನು ಪಾಲಿಸಲೇಬೇಕು. ಇದರ ಬೇರು 1949ರ ಆ ಜೂನ್ ತಿಂಗಳಿನಲ್ಲಿದೆ.

ಈ ಅಧಿಕಾರಕ್ಕೆ ಮಿತಿಗಳಿಲ್ಲದಿಲ್ಲ. ಶಾಸನವು ಮೌನವಾಗಿರುವೆಡೆಯಲ್ಲಿ 324ರಡಿಯಲ್ಲಿ ಆಯೋಗವು ತಾನೇ ಕ್ರಮ ಕೈಗೊಳ್ಳಬಹುದೆಂದು ಮೊಹಿಂದರ್ ಸಿಂಗ್ ಗಿಲ್ ಮೊಕದ್ದಮೆಯಲ್ಲಿ 1977ರಲ್ಲಿ ನಮ್ಮ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಶಾಸನವಿರುವೆಡೆಯಲ್ಲಿ ಅದನ್ನು ಮೀರುವಂತಿಲ್ಲವೆಂದು 1984ರಲ್ಲಿ ಕೇರಳದ ಪರವೂರು ಕ್ಷೇತ್ರದ ಮತಯಂತ್ರಗಳ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ಮತದಾರನ ದೃಷ್ಟಿಯಿಂದ ಇವೆರಡಕ್ಕಿಂತಲೂ ಮುಖ್ಯವಾದುದು 1995ರ ಲಾಲ್ ಬಾಬು ಹುಸೇನ್ ಮೊಕದ್ದಮೆಯ ತೀರ್ಪು ಎಂದು ನಾವು ಭಾವಿಸುತ್ತೇವೆ. ಒಮ್ಮೆ ಪಟ್ಟಿಯಲ್ಲಿದ್ದವನ ಹೆಸರು ಸರಿಯಾದ ವಿಚಾರಣೆಯ ಮೇಲೆಯೇ ಅಲ್ಲಿಗೆ ಬಂದಿತೆಂದು ಭಾವಿಸಬೇಕು. ಅದನ್ನು ತೆಗೆಯುವ ಮುನ್ನ ಅವನಿಗೆ ತಿಳುವಳಿಕೆ ಕೊಟ್ಟು, ಸಂಶಯದ ಕಾರಣವನ್ನು ತಿಳಿಸಿ, ಅವನ ಮಾತನ್ನು ಕೇಳಬೇಕು ಎಂಬುದು ಅದರ ನಿರ್ಣಯ. ಬಿಹಾರದ ವಿಶೇಷ ಪರಿಷ್ಕರಣೆಯ ಸಂದರ್ಭದಲ್ಲಿ ಕರಡು ಪಟ್ಟಿಯಿಂದ ಬಿಟ್ಟುಹೋದ ಸುಮಾರು 65 ಲಕ್ಷ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಬೇಕೆಂದು ಅದೇ ನ್ಯಾಯಾಲಯ 2025ರ ಆಗಸ್ಟ್ 14ರಂದು ಆಜ್ಞಾಪಿಸಿದುದಕ್ಕೂ ಇದೇ ತತ್ತ್ವ ಆಧಾರ.

ಮಾರತ್ತಹಳ್ಳಿಯಂಥ ಊರಿಗೆ ಈ ತೀರ್ಪಿನ ಬೆಲೆ ಹೆಚ್ಚು. ಒಬ್ಬನು ಒಂದು ಕ್ಷೇತ್ರದ ಸಾಮಾನ್ಯ ನಿವಾಸಿಯೇ ಎಂಬುದರ ಮೇಲೆ ಅವನ ನೋಂದಣಿ ನಿಂತಿದೆ. ಕೇವಲ ಮನೆಯ ಒಡೆತನದಿಂದ ನಿವಾಸ ಸಿದ್ಧವಾಗದೆಂದು 1950ರ ಕಾಯಿದೆಯ 20ನೆಯ ಪ್ರಕರಣ ಹೇಳುತ್ತದೆ. ಎಂದರೆ ಮನೆಯ ಒಡೆಯ ಬೇರೆಡೆಯಿದ್ದು ಬಾಡಿಗೆಯವನು ಅಲ್ಲಿದ್ದರೆ, ಆ ವಿಳಾಸದ ಮತದಾರ ಬಾಡಿಗೆಯವನೇ. ಮನೆಯಿಲ್ಲದವನಿಗೂ ಹಕ್ಕುಂಟು: ಅವನು ಹೇಳಿದ ಸ್ಥಳದಲ್ಲಿ ರಾತ್ರಿ ಮಲಗುತ್ತಾನೆಯೇ ಎಂಬುದನ್ನು ಮತಗಟ್ಟೆ ಅಧಿಕಾರಿ ಹೋಗಿ ನೋಡಿಬಂದರೆ ಸಾಕು, ದಾಖಲೆ ಬೇಕಿಲ್ಲವೆಂದು ಆಯೋಗವೇ ನಿರ್ದೇಶಿಸಿದೆ. ಆದರೆ ಈ ಔದಾರ್ಯದ ಇನ್ನೊಂದು ಮುಖವೂ ಇದೆ. ಬಾಡಿಗೆಯವನು ಮನೆ ಬದಲಿಸಿದ ಮೇಲೂ ಹಳೆಯ ವಿಳಾಸದಲ್ಲಿ ಅವನ ಹೆಸರು ಉಳಿಯುತ್ತದೆ. ಒಂದೇ ಬಾಗಿಲ ಸಂಖ್ಯೆಯಲ್ಲಿ ಹಲವು ಕಾಲದ ಹಲವರು ಕೂಡಿಕೊಳ್ಳುತ್ತಾರೆ. ಅದರ ಮರೆಯಲ್ಲಿ ಸುಳ್ಳು ಹೆಸರು ಸೇರಿದರೆ ಬೇರ್ಪಡಿಸುವುದು ಕಷ್ಟ. 2025ರ ಆಗಸ್ಟ್ 7ರಂದು ಲೋಕಸಭೆಯ ವಿರೋಧ ಪಕ್ಷದ ನಾಯಕರು, 2024ರ ಚುನಾವಣೆಯಲ್ಲಿ ಮಹದೇವಪುರದ ಪಟ್ಟಿಯೊಳಗೆ ಒಂದು ಲಕ್ಷಕ್ಕೂ ಹೆಚ್ಚು ಅಸಮರ್ಪಕ ಹೆಸರುಗಳಿದ್ದುವೆಂದು ಆರೋಪಿಸಿದರು. ಆಯೋಗವು ಆರೋಪವನ್ನು ತಳ್ಳಿಹಾಕಿ, ಪ್ರಮಾಣಪೂರ್ವಕವಾದ ಹೇಳಿಕೆಯೊಡನೆ ವಿವರ ಕೊಡಬೇಕೆಂದಿತು. ವಿಶೇಷ ತನಿಖೆ ಬೇಡಿದ ಅರ್ಜಿಯೊಂದನ್ನು ಅದೇ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ವಿಚಾರಣೆಗೆ ಅಂಗೀಕರಿಸಲಿಲ್ಲ. ಆರೋಪದ ಸತ್ಯಾಸತ್ಯತೆಯ ನಿರ್ಣಯ ನಮ್ಮ ಕೆಲಸವಲ್ಲ. ಆದರೆ ಕಾವಲುಗಾರನ ಮೇಲೆಯೇ ದೂರು ಬಂದಾಗ ಅದನ್ನು ಕೇಳುವವರು ಯಾರೆಂಬ ಪ್ರಶ್ನೆ 1949ರಲ್ಲಿಯೂ ಎದ್ದಿದ್ದಿತೆಂಬುದನ್ನು ಇಲ್ಲಿ ಹೇಳಲೇಬೇಕು. ಶಿಬ್ಬನ್ ಲಾಲ್ ಸಕ್ಸೇನ ಅವರು ಮುಖ್ಯ ಆಯುಕ್ತರ ನೇಮಕವನ್ನು ಸಂಸತ್ತಿನ ಮೂರರಲ್ಲಿ ಎರಡು ಭಾಗದ ಬಹುಮತವು ಸ್ಥಿರಪಡಿಸಬೇಕೆಂದರು. ಹೃದಯನಾಥ ಕುಂಜ್ರೂ ಅವರೂ ಕಾರ್ಯಾಂಗದ ಪ್ರಭಾವದ ಭಯವನ್ನು ಮುಂದಿಟ್ಟರು. ಸಭೆಯು ಆ ವಿಷಯವನ್ನು ಸಂಸತ್ತಿನ ಶಾಸನಕ್ಕೆ ಬಿಟ್ಟಿತು. ಆ ಶಾಸನ ಬರಲು 2023ರವರೆಗೆ ಕಾಯಬೇಕಾಯಿತು, ಅದೂ ಅನೂಪ್ ಬರನ್ವಾಲ್ ಮೊಕದ್ದಮೆಯಲ್ಲಿ ನ್ಯಾಯಾಲಯ ನೇಮಕದ ಬಗೆಗೆ ತೀರ್ಪು ಕೊಟ್ಟ ಮೇಲೆ. ನ್ಯಾಯಾಲಯ ಹೇಳಿದ ಸಮಿತಿಯಲ್ಲಿ ಪ್ರಧಾನಮಂತ್ರಿ ಮತ್ತು ವಿರೋಧ ಪಕ್ಷದ ನಾಯಕರೊಡನೆ ಭಾರತದ ಮುಖ್ಯ ನ್ಯಾಯಾಧೀಶರಿದ್ದರು. ಕಾಯಿದೆಯು ಅವರ ಸ್ಥಾನದಲ್ಲಿ ಕೇಂದ್ರ ಮಂತ್ರಿಯೊಬ್ಬರನ್ನು ಕೂಡಿಸಿತು. ಸಕ್ಸೇನ ಅವರ ಸಂದೇಹ ಇದರಿಂದ ಪರಿಹಾರವಾಯಿತೆಂದು ನಮಗೆ ತೋರುವುದಿಲ್ಲ.

ಪಟ್ಟಿಯಲ್ಲಿ ಹೆಸರು ಉಳಿದ ಮಾತ್ರಕ್ಕೆ ಎಲ್ಲ ಮತಗಳೂ ಸಮತೂಕವೆನ್ನುವಂತಿಲ್ಲ. ಮಹದೇವಪುರದಲ್ಲಿ 2024ರ ವೇಳೆಗೆ ಆರು ಲಕ್ಷಕ್ಕೂ ಹೆಚ್ಚು ಮತದಾರರಿದ್ದರು. ಶಿವಾಜಿನಗರದಲ್ಲಿ ಸುಮಾರು ಎರಡು ಲಕ್ಷ. ಎರಡೂ ಕಡೆ ಒಬ್ಬೊಬ್ಬನೇ ಶಾಸಕ. ಕ್ಷೇತ್ರಗಳ ಗಡಿಯನ್ನು 2001ರ ಜನಗಣತಿಯ ಮೇಲೆ ಗೊತ್ತುಮಾಡಿ, 2026ರ ಅನಂತರದ ಮೊದಲ ಜನಗಣತಿಯವರೆಗೆ ಸ್ಥಗಿತಗೊಳಿಸಿರುವುದರ ಫಲ ಇದು. ಈ ವಿಷಯ ಪ್ರತ್ಯೇಕ ಲೇಖನಕ್ಕೆ ತಕ್ಕುದಾದುದರಿಂದ ಇಲ್ಲಿ ಬೆಳೆಸುವುದಿಲ್ಲ.

ಕೊನೆಯದಾಗಿ, 324ನೆಯ ಅನುಚ್ಛೇದದ ಕಾವಲು ನಿಂತುಹೋಗುವ ಗಡಿಯೊಂದುಂಟು. ಆ ಅನುಚ್ಛೇದ ಹೆಸರಿಸುವುದು ಸಂಸತ್ತು, ರಾಜ್ಯ ವಿಧಾನಮಂಡಲ, ರಾಷ್ಟ್ರಪತಿ ಮತ್ತು ಉಪರಾಷ್ಟ್ರಪತಿ ಸ್ಥಾನಗಳನ್ನು ಮಾತ್ರ. ನಗರಸಭೆ, ಪಂಚಾಯತಿಗಳು ಅದರಲ್ಲಿಲ್ಲ. 1992ರ 73 ಮತ್ತು 74ನೆಯ ತಿದ್ದುಪಡಿಗಳು ಅವುಗಳಿಗಾಗಿ 243ಕೆ ಮತ್ತು 243ಜಡ್‌ಎ ಅನುಚ್ಛೇದಗಳಲ್ಲಿ ರಾಜ್ಯ ಚುನಾವಣಾ ಆಯೋಗವನ್ನು ನಿರ್ಮಿಸಿದುವು. ಅದರ ಆಯುಕ್ತರನ್ನು ನೇಮಿಸುವವರು ರಾಜ್ಯಪಾಲರು. 1949ರಲ್ಲಿ ಅಂಬೇಡ್ಕರರು ಕರಡಿನಿಂದ ತೆಗೆಸಿದ ಸಂಸ್ಥೆಯೇ ಸ್ಥಳೀಯ ಚುನಾವಣೆಗಳ ಮಟ್ಟಿಗೆ ಹೀಗೆ ಹಿಂದಿರುಗಿ ಬಂದಂತಾಯಿತು. 243ಯು ಅನುಚ್ಛೇದವು ನಗರಸಭೆಯ ಐದು ವರ್ಷದ ಅವಧಿ ಮುಗಿಯುವುದಕ್ಕೆ ಮುಂಚೆಯೇ ಚುನಾವಣೆ ಪೂರ್ಣಗೊಳ್ಳಬೇಕೆನ್ನುತ್ತದೆ. 2006ರಲ್ಲಿ ಕಿಶನ್ ಸಿಂಗ್ ತೋಮರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಒತ್ತಿ ಹೇಳಿತು. ಆದರೆ ವಾರ್ಡುಗಳ ವಿಂಗಡಣೆ, ಮೀಸಲಾತಿಯ ಪಟ್ಟಿ, ಪಾಲಿಕೆಯ ಸ್ವರೂಪವನ್ನೇ ಬದಲಿಸುವ ಶಾಸನ, ಇವೆಲ್ಲ ರಾಜ್ಯದ ಕೈಯಲ್ಲಿರುವಾಗ ಕಾಲವನ್ನು ಮುಂದೂಡುವುದು ಕಷ್ಟವಾಗಲಿಲ್ಲ. 2015ರ ಆಗಸ್ಟಿನಲ್ಲಿ ಚುನಾಯಿತವಾದ ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ವಾರ್ಡುಗಳ ಸಂಖ್ಯೆಯನ್ನು 198ರಿಂದ 243ಕ್ಕೆ ಏರಿಸುವ ತಿದ್ದುಪಡಿ ಬಂದಿತು. 198 ವಾರ್ಡುಗಳಿಗೇ ಬೇಗನೆ ಚುನಾವಣೆ ನಡೆಸಬೇಕೆಂದು ಅದೇ ಡಿಸೆಂಬರಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಆಜ್ಞಾಪಿಸಿತು. ಎರಡು ವಾರಗಳೊಳಗೆ ಸುಪ್ರೀಂ ಕೋರ್ಟು ಆ ಆಜ್ಞೆಗೆ ತಡೆ ಕೊಟ್ಟಿತು. ಒಂದರ ಹಿಂದೆ ಒಂದರಂತೆ ಅಧಿಕಾರಕ್ಕೆ ಬಂದ ಸರ್ಕಾರಗಳು ಬೇರೆ ಬೇರೆ ಪಕ್ಷಗಳವಾಗಿದ್ದರೂ ಈ ವಿಷಯದಲ್ಲಿ ಅವುಗಳ ನಡತೆಯಲ್ಲಿ ಭೇದ ಕಾಣಲಿಲ್ಲ.

ಈ ಮಧ್ಯೆ ಮಾರತ್ತಹಳ್ಳಿಯ ಮತದಾರನು 2023ರಲ್ಲಿ ವಿಧಾನಸಭೆಗೂ 2024ರಲ್ಲಿ ಲೋಕಸಭೆಗೂ ಮತ ಹಾಕಿದನು. ಅವನ ಬೀದಿಯ ಚರಂಡಿ, ಕೆರೆ, ಕಸ, ಹಳ್ಳಬಿದ್ದ ರಸ್ತೆಗಳ ಹೊಣೆ ಹೊತ್ತ ಸಭೆಗೆ ಮಾತ್ರ ಅವನ ಪ್ರತಿನಿಧಿಯಿರಲಿಲ್ಲ. ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯಿದ್ದರು. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಪಾಲಿಕೆಯೇ ಇಲ್ಲವಾಗಿ ಅದರ ಜಾಗದಲ್ಲಿ ಐದು ಪಾಲಿಕೆಗಳು ಬಂದಾಗ, ಮಾರತ್ತಹಳ್ಳಿಯು ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿತು. ಹಳೆಯ ಪಾಲಿಕೆಗೆ ಅದರ ಕೊನೆಯ ಐದು ವರ್ಷಗಳಲ್ಲಿ ಒಂದು ಚುನಾವಣೆಯೂ ನಡೆದಿರಲಿಲ್ಲ. ಆ ಐದು ವರ್ಷಗಳಲ್ಲಿ ಅದೇ ಪಾಲಿಕೆಯ ನೌಕರರು ವರ್ಷವರ್ಷವೂ ಆಯೋಗದ ಆಜ್ಞೆಯಂತೆ ಮನೆ ಮನೆಗೆ ಹೋಗಿ ವಿಧಾನಸಭೆಯ ಮತದಾರರ ಪಟ್ಟಿಯನ್ನು ಪರಿಷ್ಕರಿಸುತ್ತಲೇ ಇದ್ದರು.